ಮನೆಯಲ್ಲಿ ಪುಸ್ತಕ ಎಣಿಸಿದರೆ ಸಾಕಾ?

ಮಕ್ಕಳಿಗೆ ಅಕ್ಷರದ ರುಚಿ ಹತ್ತುವುದು ಶಾಲೆಗಿಂತ ಮೊದಲು ಮನೆಯಲ್ಲೇ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿ: ಸರಿ, ನಮ್ಮ ಮನೆ ಹೇಗಿದೆ ಅಂತ ಅಳೆಯೋದು ಹೇಗೆ? ಈ ಸಲ ಅದನ್ನೇ ಹಿಡಿದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಅವಳ ಪ್ಲೇಸ್ಕೂಲಿನಿಂದ 'ಮನೆಯ ಓದಿನ ವಾತಾವರಣ' ಅಂತ ಒಂದು ಫಾರ್ಮ್ ಬಂದಿತ್ತು. ಮಕ್ಕಳ ಪುಸ್ತಕ ಎಷ್ಟಿವೆ, ತಂದೆ ತಾಯಿ ದಿನಾ ಎಷ್ಟು ನಿಮಿಷ ಓದಿ ಹೇಳುತ್ತೀರಿ, ಓದೋಕೆ ಬೇರೆ ಜಾಗ ಇದೆಯಾ, ಇಂಥವು. 30ಕ್ಕೆ ನಮಗೆ 11 ಬಂತು. ಕೆಳಗೆ ಕೆಂಪು ಇಂಕಿನಲ್ಲಿ 'ಗಮನ ಬೇಕು' ಅಂತ ಬರೆದಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಆ ಕೆಂಪು ಇಂಕನ್ನು ಮೊದಲು ತಲೆಯಿಂದ ತೆಗೆಯಿರಿ. ಇಂಥ ಪಟ್ಟಿಗಳು ಹುಟ್ಟಿದ್ದು ಒಂದೊಂದು ಮನೆಗೆ ಮಾರ್ಕ್ಸ್ ಹಾಕೋಕಲ್ಲ. ನೂರಾರು, ಸಾವಿರಾರು ಮನೆಗಳನ್ನು ಒಟ್ಟಿಗೆ ನೋಡಿದಾಗ ಎಲ್ಲಿ ಏನು ಕಡಿಮೆ ಇದೆ ಅಂತ ತಿಳಿಯೋಕೆ. ಒಂದೇ ಮನೆಯ ಮೇಲೆ ಹಿಡಿದರೆ ಅದು ಹೇಳುವುದು ಬಹಳ ಕಡಿಮೆ.

ಆಮೇಲೆ ಆ ಫಾರ್ಮಿನಲ್ಲಿ ಒಂದು ದೊಡ್ಡ ತೂತು ಇದೆ. 'ತಂದೆ ತಾಯಿ' ಅಂತ ಕೇಳಿದ್ದಾರಲ್ಲ, ಅಲ್ಲಿಗೆ ನಿಮ್ಮ ಅತ್ತೆ ಲೆಕ್ಕದಿಂದಲೇ ಹೊರಗೆ. ಮಗು ಎಚ್ಚರ ಇರುವ ಹೊತ್ತಿನಲ್ಲಿ ಜಾಸ್ತಿ ಇರುವುದು ಅವರ ಜೊತೆ! ಯುನಿಸೆಫ್‌ನವರು ಎಷ್ಟೋ ದೇಶಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸುತ್ತಾರೆ. ಅವರು ಕೇಳುವ ರೀತಿ ನೋಡಿ. ಕಳೆದ ಮೂರು ದಿನದಲ್ಲಿ ಮನೆಯ 15 ವರ್ಷ ದಾಟಿದ ಯಾರಾದರೂ ಈ ಮಗುವಿನ ಜೊತೆ ಆರು ಕೆಲಸಗಳಲ್ಲಿ ಯಾವುದನ್ನು ಮಾಡಿದಿರಿ ಅಂತ. ಪುಸ್ತಕ ಓದಿದ್ದು ಅಥವಾ ಚಿತ್ರ ನೋಡಿದ್ದು, ಕಥೆ ಹೇಳಿದ್ದು, ಹಾಡು ಹೇಳಿದ್ದು, ಹೊರಗೆ ಕರೆದುಕೊಂಡು ಹೋಗಿದ್ದು, ಆಟ ಆಡಿದ್ದು, ವಸ್ತುಗಳ ಹೆಸರು ಹೇಳಿಸಿದ್ದು ಅಥವಾ ಎಣಿಸಿದ್ದು ಅಥವಾ ಬಿಡಿಸಿದ್ದು. ಮಾಡಿದ್ದು ಅಮ್ಮನಾ, ಅಪ್ಪನಾ, ಬೇರೆಯವರಾ ಅಂತಲೂ ಗುರುತು ಹಾಕಿಕೊಳ್ಳುತ್ತಾರೆ. ಆರರಲ್ಲಿ ನಾಲ್ಕು ಇದ್ದರೆ ಆ ಮಗುವಿಗೆ ಮನೆಯಲ್ಲಿ ಕಲಿಕೆಯ ಜೊತೆ ಸಿಗುತ್ತಿದೆ ಅಂತ ಲೆಕ್ಕ. ಇನ್ನು ಪುಸ್ತಕ? ಅವರ ಗೆರೆ ಇರುವುದು ಮೂರಕ್ಕೆ. ಮೂರು ಮಕ್ಕಳ ಪುಸ್ತಕ ಅಷ್ಟೇ. ನಿಮ್ಮ ಫಾರ್ಮಿನಲ್ಲಿ ಎಷ್ಟಕ್ಕೆ ಗೆರೆ ಎಳೆದಿದ್ದರೋ!

ಹಾಗಂತ ಪುಸ್ತಕದ ಸಂಖ್ಯೆಗೆ ಬೆಲೆ ಇಲ್ಲ ಅಂತಲ್ಲ. 27 ದೇಶಗಳ ಮಾಹಿತಿ ಇಟ್ಟುಕೊಂಡು 2010ರಲ್ಲಿ ಒಂದು ಅಧ್ಯಯನ ಬಂತು. ಸುಮಾರು 500 ಪುಸ್ತಕ ಇದ್ದ ಮನೆಯಲ್ಲಿ ಬೆಳೆದವರು, ಪುಸ್ತಕವೇ ಇಲ್ಲದ ಮನೆಯವರಿಗಿಂತ ಸರಾಸರಿ ಮೂರು ವರ್ಷ ಜಾಸ್ತಿ ಓದಿದ್ದರು, ಅದೂ ಅಪ್ಪ ಅಮ್ಮನ ಓದು, ಕೆಲಸ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೆ. ಆದರೆ ಇದನ್ನು ಓದಿ ಯಾರಾದರೂ ಆನ್‌ಲೈನಿನಲ್ಲಿ 500 ಪುಸ್ತಕ ತರಿಸಿ ಶೆಲ್ಫ್ ತುಂಬಿಸಿದರೆ ಮಗು ಮೂರು ವರ್ಷ ಜಾಸ್ತಿ ಓದುತ್ತದಾ? ಆ ಮನೆಗಳಲ್ಲಿ ಪುಸ್ತಕದ ಜೊತೆಗೆ ಓದುವ ಜನ ಇದ್ದರು, ಓದಿದ್ದನ್ನು ಮಾತಾಡುವ ಅಭ್ಯಾಸ ಇತ್ತು. ಎಣಿಸೋಕೆ ಸಿಕ್ಕಿದ್ದು ಪುಸ್ತಕ, ಅಷ್ಟೇ.

ನೀವು ಒಂದು ಕೆಲಸ ಮಾಡಿ. ಅತ್ತೆಯ ಜೊತೆ ಕೂತು ಆ ಆರು ಪ್ರಶ್ನೆ ಕೇಳಿ, ಕಳೆದ ಮೂರು ದಿನದ್ದು. ಏನಾದರೂ ಬಿಟ್ಟುಹೋಗಿದ್ದರೆ ಬಹುಶಃ ಅದು ಪುಸ್ತಕದ್ದೇ ಇರುತ್ತದೆ. ಹಾಗಿದ್ದರೆ ಮೂರು ನಾಲ್ಕು ಒಳ್ಳೆಯ ಕನ್ನಡ ಚಿತ್ರಪುಸ್ತಕ ತಂದು ಅವರ ಕೈಗೆ ಸಿಗುವ ಹಾಗೆ ಇಡಿ. ಶೋಕೇಸಿನೊಳಗೆ ಬೇಡ.

ಪ್ರಶ್ನೆ: ನಾನು ಎಂ.ಎಡ್. ವಿದ್ಯಾರ್ಥಿನಿ. ಎರಡು ಹಳ್ಳಿಗಳಲ್ಲಿ 4ರಿಂದ 6 ವರ್ಷದ ಮಕ್ಕಳ ಮನೆಗಳ ಓದಿನ ವಾತಾವರಣದ ಬಗ್ಗೆ ಪ್ರಬಂಧ ಮಾಡುತ್ತಿದ್ದೇನೆ. ಗೈಡ್ ಒಂದು ವಿದೇಶಿ ಪ್ರಶ್ನಾವಳಿ ಕೊಟ್ಟು ಕನ್ನಡಕ್ಕೆ ಮಾಡಿಕೋ ಅಂದರು. ಮಾಡಿಕೊಂಡು ಹೋದರೆ ಎಲ್ಲ ಮನೆಯಲ್ಲೂ 'ಹೌದು, ದಿನಾ ಓದಿಸುತ್ತೇವೆ' ಅನ್ನುತ್ತಾರೆ. ಮನೆಯಲ್ಲಿ ಒಂದು ಪುಸ್ತಕ ಕಾಣುವುದಿಲ್ಲ. ಏನು ಮಾಡಲಿ?
– ಧಾರವಾಡ ಜಿಲ್ಲೆ

ಉತ್ತರ: ಓದಿದ ಹುಡುಗಿ ಕೈಯಲ್ಲಿ ಪ್ಯಾಡು, ಪೆನ್ನು ಹಿಡಿದು ಬಂದು 'ಮಗುವಿಗೆ ಓದಿ ಹೇಳುತ್ತೀರಾ' ಅಂದರೆ ಇಲ್ಲ ಅನ್ನೋಕೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಅವರು ಸುಳ್ಳು ಹೇಳುತ್ತಿಲ್ಲ, ಮರ್ಯಾದೆ ಉಳಿಸಿಕೊಳ್ಳುತ್ತಿದ್ದಾರೆ. ಇದು ನಿಮ್ಮ ಹಳ್ಳಿಯ ಕಥೆ ಮಾತ್ರ ಅಲ್ಲ. ಕೆನಡಾದಲ್ಲಿ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಮೋನಿಕ್ ಸೆನೆಶಾಲ್ ಮತ್ತು ಅವರ ಜೊತೆಯವರಿಗೂ ಇದೇ ತಲೆನೋವು ಇತ್ತು. ಅವರು ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. 'ಎಷ್ಟು ಓದುತ್ತೀರಿ' ಅಂತ ಕೇಳುವ ಬದಲು ಮಕ್ಕಳ ಪುಸ್ತಕಗಳ ಹೆಸರಿನ ಒಂದು ಪಟ್ಟಿ ಕೊಟ್ಟರು, ಗೊತ್ತಿರುವುದಕ್ಕೆ ಟಿಕ್ ಹಾಕಿ ಅಂದರು. ಪಟ್ಟಿಯಲ್ಲಿ ಕೆಲವು ಹೆಸರುಗಳು ಪೂರ್ತಿ ಹುಸಿ, ಅಂಥ ಪುಸ್ತಕವೇ ಇಲ್ಲ. ಹುಸಿಗೆ ಟಿಕ್ ಹಾಕಿದವರ ಅಂಕವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿದರೆ ಆಯಿತು. ಮಗುವಿಗೆ ಓದಿ ಓದಿ ಬೇಸತ್ತ ಅಮ್ಮನಿಗೆ ಆ ಹೆಸರುಗಳು ತಾನಾಗಿ ನೆನಪಿರುತ್ತವೆ.

ಆದರೆ ಅದನ್ನು ಹಾಗೇ ಎತ್ತಿಕೊಂಡು ನಿಮ್ಮ ಹಳ್ಳಿಗೆ ಹೋಗಬೇಡಿ. ಎಲ್ಲರ ಮನೆಗೂ ತಲುಪುವಂಥ ಮಕ್ಕಳ ಪುಸ್ತಕದ ಮಾರುಕಟ್ಟೆ ಇರುವ ಕಡೆ ಮಾತ್ರ ಆ ಉಪಾಯ ನಡೆಯುತ್ತದೆ. ನಿಮ್ಮಲ್ಲಿ ಎಲ್ಲರಿಗೂ ಸೊನ್ನೆ ಬರುತ್ತದೆ. ಎಲ್ಲರಿಗೂ ಸೊನ್ನೆ ಬರುವ ಪ್ರಶ್ನೆಯೂ ದಂಡ, ಎಲ್ಲರೂ ಹೌದು ಅನ್ನುವ ಪ್ರಶ್ನೆಯೂ ದಂಡ. ಒಂದು ಮನೆಯನ್ನು ಇನ್ನೊಂದು ಮನೆಯಿಂದ ಬೇರೆ ಮಾಡಿ ತೋರಿಸಿದರೆ ತಾನೇ ಅದು ಅಳತೆ?

ಹಾಗಾಗಿ ಪ್ರಶ್ನೆಯನ್ನು ದಿನದ ಮೇಲೆ ಇಳಿಸಿ. 'ದಿನಾ ಓದಿಸುತ್ತೀರಾ' ಬೇಡ. 'ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ಮಗು ಮಲಗುವ ತನಕ ಏನೇನು ಆಯಿತು, ಹೇಳ್ರಿ' ಅಂತ ಕೇಳಿ ಸುಮ್ನೆ ಕೂತುಬಿಡಿ. ಊಟ, ಟಿವಿ, ಅಕ್ಕನ ಹೋಮ್‌ವರ್ಕ್, ಅಜ್ಜಿಯ ಕಥೆ ಎಲ್ಲ ತಾನಾಗಿ ಬರುತ್ತದೆ. ಆಮೇಲೆ 'ಆ ಪುಸ್ತಕ ತೋರಿಸ್ತೀರಾ' ಅನ್ನಿ. ಎಲ್ಲಿಂದ ತೆಗೆದು ತರುತ್ತಾರೆ ಅನ್ನುವುದೇ ಅರ್ಧ ಉತ್ತರ. ಟ್ರಂಕಿನ ತಳದಿಂದ ಬಂದರೆ ಒಂದು ಲೆಕ್ಕ, ಹಾಳೆ ಹರಿದು ಮೂಲೆ ಮಡಚಿ ನೆಲದ ಮೇಲೆ ಬಿದ್ದಿದ್ದರೆ ಬೇರೆ ಲೆಕ್ಕ. ಎರಡನೆಯದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಯಾರನ್ನು ಕೇಳುತ್ತೀರಿ, ಯಾವಾಗ ಕೇಳುತ್ತೀರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಸೊಸೆಯನ್ನು ಕೇಳಿದರೆ ಒಳಗಿನಿಂದ ಅತ್ತೆ ಉತ್ತರ ಕೊಡುವ ಮನೆಗಳಿರುತ್ತವೆ. ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ಹಳ್ಳಿ, ಕೆಲಸ ಇಲ್ಲದ ದಿನಗಳಲ್ಲಿ ಇನ್ನೊಂದು ಹಳ್ಳಿ ಮಾಡಿದರೆ ನೀವು ಅಳೆದದ್ದು ಮನೆಯನ್ನಲ್ಲ, ಸುಗ್ಗಿಯನ್ನು.

ನಿಮ್ಮ ಗೈಡ್ ಕೊಟ್ಟಿದ್ದು ಬಹುಶಃ 'ಹೋಮ್ ಇನ್ವೆಂಟರಿ' ಇರಬೇಕು, ಪತ್ರದಲ್ಲಿರುವ ಪ್ರಶ್ನೆಗಳು ಹಾಗೇ ಕಾಣುತ್ತವೆ. ಅಮೆರಿಕದ ಬೆಟ್ಟಿ ಕಾಲ್ಡ್‌ವೆಲ್ ಮತ್ತು ರಾಬರ್ಟ್ ಬ್ರಾಡ್ಲಿ ರೂಪಿಸಿದ್ದು. ಮೂರು ವರ್ಷದ ಒಳಗಿನ ಮಕ್ಕಳಿಗೆ 45 ಅಂಶ, 3ರಿಂದ 6 ವರ್ಷದವರಿಗೆ 55 ಅಂಶ, ಒಂದೊಂದಕ್ಕೂ ಹೌದು ಅಥವಾ ಇಲ್ಲ. ಅದರಲ್ಲಿ ನಿಜಕ್ಕೂ ಒಳ್ಳೆಯದು ಅಂದರೆ ಅದು ಬರೀ ಪ್ರಶ್ನಾವಳಿ ಅಲ್ಲ. ಮಗು ಎಚ್ಚರ ಇರುವಾಗ ಮನೆಗೆ ಹೋಗಿ, ಗಂಟೆ ಹೊತ್ತು ಕೂತು, ಮಾತಾಡುತ್ತಾ ನೋಡಬೇಕು. ಮಗು ಏನೋ ಅಂದಾಗ ದೊಡ್ಡವರು ತಿರುಗಿ ಮಾತಾಡಿದರಾ ಅನ್ನುವಂಥದ್ದನ್ನು ಕಣ್ಣಾರೆ ಕಂಡು ಗುರುತು ಹಾಕಬೇಕು. ಇದನ್ನು ಜೆರಾಕ್ಸ್ ಮಾಡಿ ಶಾಲೆಯ ಗೇಟಿನಲ್ಲಿ ಹಂಚಿ ತುಂಬಿಸಿಕೊಂಡು ಬರುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಕೆಲವು ಅಂಶಗಳು ಆ ಕಾಲದ ಅಮೆರಿಕದ ಮನೆಗೆ ಹೊಲಿದ ಅಂಗಿ. ಮನೆಗೆ ದಿನಪತ್ರಿಕೆ ತರಿಸಿ ಓದುತ್ತಾರಾ ಅನ್ನುವುದಕ್ಕೆ ಈಗ ಬೆಂಗಳೂರಿನ ಎಂಜಿನಿಯರ್ ಮನೆಯಲ್ಲೂ 'ಇಲ್ಲ' ಬರುತ್ತದೆ.

ಇನ್ನೊಂದು ವಿಷಯ, ಗೈಡ್ 'ಆಲ್ಫಾ ಎಷ್ಟು ಬಂತು' ಅಂತ ಕೇಳೇ ಕೇಳುತ್ತಾರೆ. ಒಂದೇ ಅಳತೆಯ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡು ಹೋಗುತ್ತವಾ ಅನ್ನುವ ಸಂಖ್ಯೆ ಅದು. ಕಡಿಮೆ ಬಂದರೆ ಹೆದರಿ ಪ್ರಶ್ನೆ ಕಿತ್ತು ಹಾಕಬೇಡಿ. ಸೆನೆಶಾಲ್ ಮತ್ತು ಜೋ-ಆ್ಯನ್ ಲೆಫೆವ್ರ್ ಐದು ವರ್ಷ ಮಕ್ಕಳನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಮಾತೇ ಇದು. ಕಥೆ ಪುಸ್ತಕ ಓದಿ ಹೇಳುವ ಮನೆಗಳೇ ಅಕ್ಷರ ಕಲಿಸುವ ಮನೆಗಳೂ ಆಗಿರಲಿಲ್ಲ. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಿದರೆ ಎರಡೂ ಮಾಯ. ನಿಮ್ಮ ಪ್ರಬಂಧದಲ್ಲಿ ಮಾತು ಮತ್ತು ಕಥೆಗೆ ಒಂದು ಅಂಕ, ಅಕ್ಷರ ಕಲಿಸುವುದಕ್ಕೆ ಒಂದು, ಮನೆಯಲ್ಲಿರುವ ಓದುವ ವಸ್ತುಗಳಿಗೆ ಇನ್ನೊಂದು ಅಂತ ಬೇರೆ ಬೇರೆ ಇಡಿ.

ಒಂದಿಷ್ಟು ಮನೆಗಳಿಗೆ ಗೆಳತಿಯನ್ನೂ ಕರೆದುಕೊಂಡು ಹೋಗಿ. ಇಬ್ಬರೂ ಮಾತಾಡಿಕೊಳ್ಳದೆ ಅಂಕ ಹಾಕಿ, ಆಮೇಲೆ ಹೋಲಿಸಿ. ಎಲ್ಲಿ ಜಗಳ ಬರುತ್ತದೋ ಆ ಪ್ರಶ್ನೆ ಸರಿ ಬರೆದಿಲ್ಲ ಅಂತ ಅರ್ಥ. ಮಗುವಿನ ಕೈಗೆ ಪುಸ್ತಕ ತಲೆಕೆಳಗಾಗಿ ಕೊಟ್ಟು ತಿರುಗಿಸಿಕೊಳ್ಳುತ್ತದಾ ನೋಡುವ ಪರೀಕ್ಷೆ ಇದೆಯಲ್ಲ, ನ್ಯೂಜಿಲೆಂಡಿನ ಮೇರಿ ಕ್ಲೇ ಮಾಡಿದ ಪರೀಕ್ಷೆಯಲ್ಲಿ ಬರುವಂಥದ್ದು, ಅದನ್ನೂ ಮಾಡಿ, ಮಜಾ ಇರುತ್ತದೆ. ಆದರೆ ಅದು ಮಗುವಿನ ಅಂಕ. ಮನೆಯ ಅಂಕದೊಳಗೆ ಸೇರಿಸಿಬಿಟ್ಟರೆ ಆಮೇಲೆ 'ಒಳ್ಳೆಯ ಮನೆಯ ಮಕ್ಕಳು ಚೆನ್ನಾಗಿ ಮಾಡಿದರು' ಅಂತ ಬರೆಯುವುದರಲ್ಲಿ ಅರ್ಥ ಇರಲ್ಲ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಮಕ್ಕಳ ಮನೆಗಳಲ್ಲಿ ಪುಸ್ತಕ ಇಲ್ಲ. ತಾಯಂದಿರು ಬೆಳಗಾದರೆ ಕೂಲಿಗೆ ಹೋಗುತ್ತಾರೆ. ಆದರೆ ಅಜ್ಜಿಯರು ರಾತ್ರಿ ಕಥೆ ಹೇಳುತ್ತಾರೆ, ಒಗಟು ಹಾಕುತ್ತಾರೆ. ಸಮೀಕ್ಷೆಗೆ ಬಂದವರು 'ಓದಿನ ವಾತಾವರಣ ಇಲ್ಲ' ಅಂತ ಬರೆದುಕೊಂಡು ಹೋದರು. ಅಜ್ಜಿ ಕಥೆಗೆ ಲೆಕ್ಕವೇ ಇಲ್ಲವಾ?
– ಕೊಪ್ಪಳ ಜಿಲ್ಲೆ

ಉತ್ತರ: ಇದೆ ಟೀಚರ್, ಖಂಡಿತ ಇದೆ. ಮೇಲೆ ಹೇಳಿದ ಯುನಿಸೆಫ್ ಪಟ್ಟಿಯಲ್ಲಿ ಕಥೆ ಹೇಳುವುದಕ್ಕೂ ಪುಸ್ತಕ ಓದುವುದಕ್ಕೂ ಒಂದೊಂದೇ ಅಂಕ, ಎರಡೂ ಸರಿಸಮ. ಕಥೆ ಕೇಳಿದ ಮಗುವಿಗೆ ಮೊದಲು ಏನಾಯಿತು, ಆಮೇಲೆ ಏನಾಯಿತು ಅನ್ನುವ ಎಳೆ ಹಿಡಿಯೋಕೆ ಬರುತ್ತದೆ. ಕಣ್ಣೆದುರು ಇಲ್ಲದ್ದನ್ನು ಬರೀ ಮಾತಿನಿಂದ ಕಟ್ಟಿಕೊಳ್ಳೋಕೆ ಬರುತ್ತದೆ. ಮುಂದೆ ಮೂರನೇ, ನಾಲ್ಕನೇ ತರಗತಿಯಲ್ಲಿ ಪಾಠ ಓದಿ ಅರ್ಥ ಮಾಡಿಕೊಳ್ಳುವಾಗ ಬೇಕಾಗುವುದು ಇದೇ. ಒಗಟಂತೂ ಇನ್ನೂ ಒಳ್ಳೆಯದು, ಅಲ್ಲಿ ಮಗು ತಿರುಗಿ ಉತ್ತರ ಕೊಡಲೇಬೇಕು. ಅಮೆರಿಕದಲ್ಲಿ 4ರಿಂದ 6 ವರ್ಷದ ಮಕ್ಕಳ ಅಂಗಿಗೆ ಸಣ್ಣ ರೆಕಾರ್ಡರ್ ಹಾಕಿ ಮನೆಯ ಮಾತು ಅಳೆದ ಒಂದು ಅಧ್ಯಯನ 2018ರಲ್ಲಿ ಬಂತು. ದೊಡ್ಡವರು ಎಷ್ಟು ಶಬ್ದ ಆಡಿದರು ಅನ್ನುವುದಕ್ಕಿಂತ ಮಾತು ಎಷ್ಟು ಸಲ ಮಗುವಿಗೂ ದೊಡ್ಡವರಿಗೂ ಹೋಗಿ ಬಂತು ಅನ್ನುವುದಕ್ಕೆ ಜಾಸ್ತಿ ತೂಕ ಇತ್ತು. ಒಗಟು ಹಾಕುವ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ?

ಆದರೆ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಅಜ್ಜಿ ಕಥೆ ಇದೆ, ಇನ್ನೇನೂ ಬೇಡ ಅಂತ ಪಟ್ಟಣದಲ್ಲಿ ಕೂತು ಬರೆಯುವವರಿದ್ದಾರೆ. ಅವರ ಮನೆಯಲ್ಲಿ ಮಕ್ಕಳಿಗೆ ಅಲಮಾರಿ ತುಂಬ ಪುಸ್ತಕ ಇರುತ್ತದೆ. ಕಥೆಯಿಂದ ಭಾಷೆ ಬೆಳೆಯುತ್ತದೆ, ಅಕ್ಷರದ ಗುರುತು ತಾನಾಗಿ ಹತ್ತುವುದಿಲ್ಲ. ಅದಕ್ಕೆ ಅಕ್ಷರ ಕಣ್ಣಿಗೆ ಬೀಳಬೇಕು, ಯಾರಾದರೂ ಬೆರಳಿಟ್ಟು ತೋರಿಸಬೇಕು.

ಮತ್ತೆ, ಪುಸ್ತಕ ಇಲ್ಲ ಅಂದ ಮಾತ್ರಕ್ಕೆ ಅಕ್ಷರ ಇಲ್ಲ ಅಂತಲ್ಲ. ಗೋಡೆಯ ಕ್ಯಾಲೆಂಡರ್, ರೇಷನ್ ಕಾರ್ಡ್, ತಾಯಿ ಕಾರ್ಡ್, ಸಂಘದ ಪಾಸ್‌ಬುಕ್, ಬೀಜದ ಪಾಕೀಟು, ಬಿಸ್ಕತ್ತಿನ ಪೊಟ್ಟಣ, ಲಗ್ನಪತ್ರಿಕೆ, ಅಣ್ಣನ ಹಳೆಯ ಪಠ್ಯಪುಸ್ತಕ. ಹಳ್ಳಿ ಮಕ್ಕಳ ಓದು, ಲೆಕ್ಕ ಹೇಗಿದೆ ಅಂತ ಮನೆಮನೆಗೆ ಹೋಗಿ ನೋಡುವ 'ಅಸರ್' ಸಮೀಕ್ಷೆಯವರು ಕೂಡ ಪಠ್ಯಪುಸ್ತಕ ಬಿಟ್ಟು ಓದುವಂಥದ್ದು ಬೇರೆ ಏನಾದರೂ ಮನೆಯಲ್ಲಿದೆಯಾ ಅಂತ ಕೇಳುವುದುಂಟು. ನಿಮ್ಮ ಸಮೀಕ್ಷೆಯವರು ಬರೀ ಮಕ್ಕಳ ಪುಸ್ತಕ ಹುಡುಕಿದರು. ಮುಂದಿನ ಸಲ ಬಂದರೆ ತಾಯಿ ಕಾರ್ಡ್ ತೋರಿಸಿ, ಅದರಲ್ಲಿ ಮಗು ತನ್ನ ಹೆಸರು ಹುಡುಕುತ್ತದಾ ನೋಡಿ ಅಂತ ಹೇಳಿ.

ಊರಲ್ಲಿ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅದು ತೆರೆದಿರುತ್ತದಾ? 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾ ಬಂದಿದ್ದಾರೆ. ನಿಮ್ಮ ಮಕ್ಕಳು ಚಿಕ್ಕವರು, ಅವರ ಹೆಸರಲ್ಲಿ ಆಗಲಿಕ್ಕಿಲ್ಲ. ಆದರೆ ಅಕ್ಕಂದಿರು, ಅಣ್ಣಂದಿರು ಇದ್ದಾರಲ್ಲ. ಅವರು ಒಂದು ಪುಸ್ತಕ ತಂದು ಜೋರಾಗಿ ಓದಿದರೆ ಅಜ್ಜಿ, ಮೊಮ್ಮಗು ಇಬ್ಬರೂ ಕೇಳುತ್ತಾರೆ. ಸ್ಮಾರ್ಟ್‌ಫೋನ್ ಇದ್ದ ಮನೆಯಲ್ಲಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಜಾಲತಾಣ ಇದೆ, ಕನ್ನಡದ ಚಿತ್ರಕಥೆಗಳು ದುಡ್ಡಿಲ್ಲದೆ ಸಿಗುತ್ತವೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ದಿನಾ ಒಂದು ಗಂಟೆ ಕೂರಿಸಿ ಅ ಆ ಇ ಈ ಮತ್ತು ಕಾಗುಣಿತ ಬರೆಸುತ್ತೇನೆ. ನಿಮ್ಮ ಅಳತೆಯಲ್ಲಿ ನಮ್ಮ ಮನೆಗೆ ಒಳ್ಳೆಯ ಅಂಕ ಬರುತ್ತದೆ ಅಲ್ಲವೇ?
– ಒಬ್ಬ ತಂದೆ, ಮೈಸೂರು

ಉತ್ತರ: ಒಂದು ಕಾಲಮ್ಮಿನಲ್ಲಿ ಬರುತ್ತದೆ. ಮೇಲೆ ಹೇಳಿದ ಕೆನಡಾದ ಅಧ್ಯಯನದಲ್ಲಿ ಮನೆಯಲ್ಲಿ ಅಕ್ಷರ ಕಲಿಸಿದ್ದು ಶುರುವಿನ ಅಕ್ಷರಜ್ಞಾನಕ್ಕೆ ಸಹಾಯ ಮಾಡಿತು. ಕಥೆ ಪುಸ್ತಕದ ಸಹವಾಸ ಶಬ್ದಭಂಡಾರಕ್ಕೆ ಸಹಾಯ ಮಾಡಿತು. ಆಮೇಲೆ ಓದುವ ವಿಷಯ ಕಷ್ಟ ಆಗುತ್ತಾ ಹೋದ ಹಾಗೆ ಶಬ್ದಭಂಡಾರವೇ ಕೈಹಿಡಿಯುವುದು. ಅಕ್ಷರ ಕಲಿಸುವುದು ತಪ್ಪಲ್ಲ ಸರ್, ಗಂಟೆಗಟ್ಟಲೆ ಬರೆಸುವುದು ಬೇಡ.

ನಮ್ಮ ಲಿಪಿಯ ಲೆಕ್ಕವೂ ಬೇರೆ. ಇಂಗ್ಲಿಷಿನ 26 ಅಕ್ಷರದ ಹಾಗೆ ಒಂದು ವರ್ಷದಲ್ಲಿ ಮುಗಿಸುವಂಥದ್ದಲ್ಲ. 34 ವ್ಯಂಜನಕ್ಕೂ ಕಾಗುಣಿತ ಹಚ್ಚಿದರೆ 400 ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಅದನ್ನೇ, ಈ ಕಲಿಕೆ ಮೂರು ನಾಲ್ಕನೇ ತರಗತಿಯ ತನಕ ನಡೆಯುತ್ತಲೇ ಇರುತ್ತದೆ. ನಾಲ್ಕು ವರ್ಷದ ಕೂಸಿಗೆ ಕಾಗುಣಿತದ ಅವಸರ ಯಾಕೆ? ಅರ್ಧ ಗಂಟೆ ಉಳಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಪುಸ್ತಕ ತೆಗೆಯಿರಿ. 'ಇದೇನು' ಅಂತ ಮಾತ್ರ ಕೇಳದೆ 'ಇವನು ಯಾಕೆ ಓಡುತ್ತಿದ್ದಾನೆ' ಅಂತ ಕೇಳಿ. 1988ರಷ್ಟು ಹಿಂದೆಯೇ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ತಂಡ ತಂದೆ ತಾಯಿಗೆ ಇಷ್ಟನ್ನೇ ಹೇಳಿಕೊಟ್ಟು ಒಂದು ತಿಂಗಳು ನೋಡಿತು. ಸುಮ್ನೆ ಓದಿಸಿಕೊಂಡ ಮಕ್ಕಳಿಗಿಂತ ಆ ಮಕ್ಕಳ ಮಾತು ಮುಂದಿತ್ತು.

ಪ್ರಶ್ನೆ: ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಅಂಗಡಿ ಬೋರ್ಡು ಕನ್ನಡ. ಮೊಮ್ಮಗಳಿಗೆ ನಾನು ತುಳುವಿನಲ್ಲಿ ಕಥೆ ಹೇಳುತ್ತೇನೆ. ಅದು ಯಾವ ಲೆಕ್ಕಕ್ಕೆ?
– ಒಬ್ಬ ಅಜ್ಜ, ಉಡುಪಿ

ಉತ್ತರ: ಕಥೆಯ ಲೆಕ್ಕಕ್ಕೆ, ಪೂರ್ತಿ ಅಂಕದೊಂದಿಗೆ. ಮಾತು ಯಾವ ಭಾಷೆಯಲ್ಲಾದರೂ ಮಾತೇ. ಅಕ್ಷರವನ್ನು ಮಾತ್ರ ಭಾಷೆವಾರು ಬೇರೆ ಕೇಳಬೇಕು: ಕನ್ನಡದ್ದು ಏನು ಕಣ್ಣಿಗೆ ಬೀಳುತ್ತದೆ, ಇಂಗ್ಲಿಷಿನದ್ದು ಏನು, ಯಾವುದನ್ನು ಯಾರು ತೋರಿಸುತ್ತಾರೆ ಅಂತ. ಬಹಳಷ್ಟು ಫಾರ್ಮುಗಳು 'ಮನೆ ಭಾಷೆ' ಅಂತ ಒಂದೇ ಖಾನೆ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಕರಾವಳಿಯ ಮನೆಗಳಿಗೆ ಆ ಖಾನೆ ಸಾಲುವುದೇ ಇಲ್ಲ. ನೀವು ತುಳುವಿನಲ್ಲೇ ಹೇಳಿ ಅಜ್ಜಾ. ಬೋರ್ಡು ಕಂಡಾಗ ಕನ್ನಡ ಓದಿ ತೋರಿಸಿ.

ಪ್ರಶ್ನೆ: ಯೂಟ್ಯೂಬಿನಲ್ಲಿ ಕನ್ನಡ ಶಿಶುಗೀತೆ, ಕಥೆ ಹಾಕಿ ಕೊಡುತ್ತೇವೆ. ಎರಡು ವರ್ಷದ ಮಗು ಗಂಟೆಗಟ್ಟಲೆ ನೋಡುತ್ತದೆ. ಇದನ್ನು ಕಥೆ ಹೇಳಿದ್ದು ಅಂತ ಬರೆಯಬಹುದಾ?
– ಶಿವಮೊಗ್ಗ

ಉತ್ತರ: ಬರೆಯಬೇಡಿ. ಯುನಿಸೆಫ್ ಪ್ರಶ್ನೆ ಇರುವುದು ಮನೆಯ ದೊಡ್ಡವರು ಮಗುವಿನ 'ಜೊತೆ' ಏನು ಮಾಡಿದರು ಅಂತ, ಫೋನು ಏನು ಮಾಡಿತು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದ ಮಗುವಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆ ಇದ್ದರೆ ಒಳ್ಳೆಯದು, ಕೂತಿರುವ ಹೊತ್ತಿನಲ್ಲಿ ದೊಡ್ಡವರು ಓದಿ ಹೇಳಲಿ, ಕಥೆ ಹೇಳಲಿ. ನೀವೂ ಪಕ್ಕ ಕೂತು ಜೊತೆಗೆ ಹಾಡಿದರೆ, ನಡುವೆ ನಿಲ್ಲಿಸಿ ಆನೆ ಎಲ್ಲಿಗೆ ಹೋಯಿತು ಅಂತ ಕೇಳಿದರೆ, ಆ ಹತ್ತು ನಿಮಿಷವನ್ನು 'ಹಾಡು' ಖಾನೆಯಲ್ಲಿ ಧಾರಾಳವಾಗಿ ಬರೆದುಕೊಳ್ಳಿ. ಅಡುಗೆ ಮುಗಿಯುವ ತನಕ ಫೋನ್ ಕೊಟ್ಟು ಕೂರಿಸಿದ್ದನ್ನು ಬೇಡ. ಅದು ಎಲ್ಲರ ಮನೆಯಲ್ಲೂ ನಡೆಯುತ್ತದೆ, ಅದಕ್ಕೆ ಖಾನೆ ಇಲ್ಲ.